ಪಂಜರದ ಹಕ್ಕಿಯ ಆಹಾರ ನಮ್ಮ ಹೊಣೆ

ಕಳೆದ ಮಳೆಗಾಲದಲ್ಲಿ ಚಿಕ್ಕಜಾಜೂರಿನ ನಮ್ಮ ಮದ್ರಸಕ್ಕೆ ಒಬ್ಬ ಹುಡುಗ ಅಳುತ್ತಾ ಬಂದ. ಅವನು ಸಾಕಿದ್ದ ‘ಲವ್ ಬರ್ಡ್ಸ್’ ಜೋಡಿಯಲ್ಲಿ ಒಂದು ಸತ್ತಿತ್ತು. “ಹಜರತ್, ಬಟ್ಟಲ ತುಂಬ ನವಣೆ ಇತ್ತು. ಆದರೂ ಯಾಕೆ ಸತ್ತುಹೋಯಿತು?” ಎಂದು ಕೇಳಿದ. ಅವನ ಮನೆಗೆ ಹೋಗಿ ನೋಡಿದೆ. ಬಟ್ಟಲೇನೋ ತುಂಬಿತ್ತು. ಆದರೆ ಮೆಲ್ಲನೆ ಊದಿದಾಗ ಎಲ್ಲವೂ ಹಾರಿಹೋಯಿತು. ಅದು ಬರೀ ಹೊಟ್ಟು! ಈ ಹಕ್ಕಿಗಳು ಕಾಳಿನ ತಿರುಳನ್ನು ತಿಂದು ಹೊಟ್ಟನ್ನು ಬಟ್ಟಲಲ್ಲೇ ಬಿಡುತ್ತವೆ. ತಪ್ಪು ಆ ಮಗುವಿನದಲ್ಲ, ಹೇಳಿಕೊಡದ ನಮ್ಮಂಥ ಹಿರಿಯರದು.

ಪ್ರಿಯ ಓದುಗರೇ, ಬೆಕ್ಕೊಂದನ್ನು ಕಟ್ಟಿಹಾಕಿ ಸಾಯಿಸಿದ ಸ್ತ್ರೀಯು ಶಿಕ್ಷೆಗೆ ಗುರಿಯಾದುದನ್ನು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅವಳು ಅದಕ್ಕೆ ಉಣಿಸಲೂ ಇಲ್ಲ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಈ ಹದೀಸ್ ಪ್ರತಿಯೊಂದು ಪಂಜರಕ್ಕೂ ಅನ್ವಯಿಸುತ್ತದೆ. ಹೊರಗಿನ ಗುಬ್ಬಿ ತನ್ನ ಆಹಾರವನ್ನು ತಾನೇ ಆರಿಸಿಕೊಳ್ಳುತ್ತದೆ. ಪಂಜರದ ಬಾಗಿಲು ಮುಚ್ಚಿದ ದಿನವೇ ಆ ಆಯ್ಕೆ ನಮ್ಮ ಕೈಗೆ ಬಂತು. ಅದು ಅಮಾನತ್. ಹಕ್ಕಿ ಸಾಕುವುದು ತಪ್ಪಲ್ಲ. ಪುಟ್ಟ ಹಕ್ಕಿ ಸಾಕಿದ್ದ ಬಾಲಕ ಅಬೂ ಉಮೈರ್‌ನನ್ನು ಪ್ರವಾದಿಯವರು(ಸ) ಅಕ್ಕರೆಯಿಂದ ಮಾತನಾಡಿಸಿದ್ದನ್ನು ಅನಸ್(ರ) ವರದಿ ಮಾಡಿದ್ದಾರೆ. ಆದರೆ ಸಾಕಿದ ಮೇಲೆ ಅದರ ಹಕ್ಕು ಸಲ್ಲಿಸಬೇಕು.

ಹಾಗಾದರೆ ಏನು ಕೊಡಬೇಕು? ಲವ್ ಬರ್ಡ್ಸ್‌ಗೆ ನಮ್ಮ ಸೀಮೆಯ ನವಣೆ, ಸಾವೆ, ಸಜ್ಜೆ ಒಳ್ಳೆಯವು. ದಿನವೂ ಹೊಟ್ಟನ್ನು ಊದಿ ತೆಗೆದು ಹೊಸ ಕಾಳು ಹಾಕಿರಿ. ಕಾಳೊಂದೇ ಸಾಲದು, ಬರೀ ಕಾಳು ತಿನ್ನುವ ಹಕ್ಕಿಗೆ ಎ ಜೀವಸತ್ವದ ಕೊರತೆಯಾಗುತ್ತದೆ. ಚೆನ್ನಾಗಿ ತೊಳೆದ ನುಗ್ಗೆ ಸೊಪ್ಪು, ಕೊತ್ತಂಬರಿ ಸೊಪ್ಪು, ತುರಿದ ಕ್ಯಾರೆಟ್ ಕೊಡಿರಿ. ಉಳಿದದ್ದನ್ನು ಬಾಡುವ ಮೊದಲೇ ತೆಗೆಯಿರಿ. ಸುಣ್ಣದ ಅಂಶಕ್ಕಾಗಿ ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ಪುಡಿಮಾಡಿ ಇಡಬಹುದು. ಪಾರಿವಾಳಗಳಿಗೆ ಜೋಳ, ಹೆಸರುಕಾಳು, ಅಲಸಂದೆ ಇರಲಿ. ಕಾಳನ್ನು ಇಡಿಯಾಗಿ ನುಂಗುವ ಅವುಗಳಿಗೆ ಅರೆಯಲು ಸಣ್ಣ ಹರಳುಗಳೂ ಬೇಕು. ನೀರನ್ನು ದಿನವೂ ಬದಲಿಸಿರಿ.

ಕೊಡಬಾರದ್ದು ಯಾವುದು? ಚಹಾ, ಚಾಕಲೇಟು, ಬೆಣ್ಣೆಹಣ್ಣು, ಉಪ್ಪುಖಾರದ ಕರಿದ ತಿಂಡಿ. ಪ್ರೀತಿಯಿಂದ ಕೊಟ್ಟರೂ ಇವು ಹಕ್ಕಿಗೆ ಕೇಡು. ಬಿತ್ತನೆಗೆಂದು ಔಷಧಿ ಬಳಿದ ಮೆಕ್ಕೆಜೋಳವನ್ನಂತೂ ಹತ್ತಿರಕ್ಕೂ ತರಬೇಡಿರಿ. ಬೂಷ್ಟು ಹಿಡಿದ ಶೇಂಗಾವನ್ನು ‘ಹಕ್ಕಿಗಾದರೂ ಆಗಲಿ’ ಎಂದು ಹಾಕುವವರಿದ್ದಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವುಗಳಿಗೆ ತಿನ್ನಿಸಿದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷವಿತ್ತು. ಆ ವಿಷಕ್ಕೆ ಮುಂದೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ನಾವು ತಿನ್ನಲಾಗದ ಕಾಳು ಅವುಗಳಿಗೂ ಬೇಡ.

ಇನ್ನೊಂದು ಮಾತು. ನಮ್ಮ ನಾಡಿನ ಕಾಡುಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅದಕ್ಕೆ ಮರವೇ ಮನೆ.

ಹಕ್ಕಿ ಗರಿ ಉಬ್ಬಿಸಿ ಮಂಕಾಗಿ ಕೂತರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿರಿ. ಆ ಹುಡುಗ ಈಗ ಪ್ರತಿದಿನ ಫಜ್ರ್ ನಮಾಜಿನ ನಂತರ ಬಟ್ಟಲು ಊದಿ ನೋಡುತ್ತಾನೆ. ಉಳಿದ ಹಕ್ಕಿ ಆರೋಗ್ಯವಾಗಿದೆ. ನಿಮ್ಮ ಮನೆಯಲ್ಲೂ ಪಂಜರವಿದ್ದರೆ ಇಂದೇ ಮಕ್ಕಳನ್ನು ಕರೆದು ಬಟ್ಟಲನ್ನು ಪರೀಕ್ಷಿಸಿರಿ. ಮಾತು ಬಾರದ ಜೀವಿಗಳ ವಿಷಯದಲ್ಲಿ ತನ್ನನ್ನು ಭಯಪಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.