ಶೇಕಡ 63ರಲ್ಲಿ ಕರೆಂಟ್ ಹೋಯಿತು

2021ರ ಮುಂಗಾರು ಬೆಳೆ ಸಮೀಕ್ಷೆಗೆ ನಾನು ಹಂಗಳ ಹೋಬಳಿಯಲ್ಲಿ ಹೊಲಹೊಲದ ಬೆಳೆಯ ಫೋಟೊ ತೆಗೆಯುವ ‘ಖಾಸಗಿ ನಿವಾಸಿ’ಯಾಗಿ ಓಡಾಡುತ್ತಿದ್ದೆ. ಬಂಡೀಪುರದ ಅಂಚಿನ ಹೊಲಗಳಲ್ಲಿ ಸಿಗ್ನಲ್ ಸಿಗುವುದಿಲ್ಲ. ತೆಗೆದ ಫೋಟೊಗಳು ಫೋನಿನಲ್ಲೇ ಉಳಿದು, ಊರೊಳಗೆ ಬಂದ ಮೇಲೆ ಅಪ್‌ಲೋಡ್ ಆಗಬೇಕು. ಆ ಶುಕ್ರವಾರ ನನ್ನ ಫೋನಿನಲ್ಲಿ ಹಾಗೆ ಉಳಿದಿದ್ದವು 47 ತಾಕುಗಳ ಫೋಟೊ.

ಫೋನ್ ಹ್ಯಾಂಗ್ ಆಗುತ್ತಿತ್ತು. ಅಪ್‌ಡೇಟ್ ಹಾಕಿದರೆ ಸರಿಹೋಗುತ್ತದೆ ಎಂದು ನಾನೇ ನಂಬಿಕೊಂಡೆ. ಅಪ್‌ಡೇಟ್ 1.8 ಜಿಬಿ, ನನ್ನ ದಿನದ ಡೇಟಾ ಒಂದೂವರೆ ಜಿಬಿ. ಎರಡು ದಿನ ಕಾದಿದ್ದರೆ ತಾನಾಗಿ ಇಳಿಯುತ್ತಿತ್ತು. ಆದರೆ ಗ್ರಾಮ ಲೆಕ್ಕಿಗರು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ “ಎಷ್ಟಾಯ್ತು, ಎಷ್ಟಾಯ್ತು” ಎನ್ನುತ್ತಿದ್ದರು. ಹೊಲಕ್ಕೆ ಬಂದು ಸಿಗ್ನಲ್ ಎಷ್ಟಿದೆ ಎಂದು ಅವರು ಒಂದು ದಿನವೂ ನೋಡಲಿಲ್ಲ.

ಗುಂಡ್ಲುಪೇಟೆಯಲ್ಲಿರುವ ನನ್ನ ಭಾಮೈದ ಲ್ಯಾಪ್‌ಟಾಪ್ ತೆರೆದ. “ಕೇಬಲ್ ಹಾಕಿ ಬುಡದು, ಅರ್ಧ ಗಂಟೇಲಿ ಮುಗ್ದೋಯ್ತದ ಬುಡಿ ಭಾವ” ಅಂದ. ಫೋಟೊಗಳನ್ನು ಮೊದಲು ಕಳಿಸೋಣವೇ ಎಂದು ನನ್ನ ಹೆಂಡತಿ ಕೇಳಿದಳು. ಆಮೇಲೆ ಕಳಿಸಿದರಾಯ್ತು ಎಂದು ಹಟ ಹಿಡಿದವನು ನಾನು. ಆ ಮಾತನ್ನು ಇವತ್ತಿಗೂ ನುಂಗಿಕೊಳ್ಳಲಾಗಿಲ್ಲ.

ಅವನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತಂತೆ. ನೇರ ಕರೆಂಟಿನಲ್ಲೇ ಓಡುತ್ತಿತ್ತು. ಇದನ್ನು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಪರದೆಯ ಮೇಲೆ ಶೇಕಡ 40 ಆಯಿತು, 52 ಆಯಿತು. ಹೊರಗೆ ಸೋನೆ ಮಳೆ. ನನ್ನ ಕಣ್ಣು ಅಂಕಿಯ ಮೇಲೆಯೇ ಇತ್ತು. 63 ಬಂತು, ಫ್ಯಾನ್ ನಿಧಾನವಾಯಿತು, ಟ್ಯೂಬ್‌ಲೈಟ್ ಆರಿತು, ಲ್ಯಾಪ್‌ಟಾಪ್ ಕಪ್ಪಾಯಿತು. ಕತ್ತಲ ಕೋಣೆಯಲ್ಲಿ ಬೆಳಗುತ್ತಿದ್ದದ್ದು ನನ್ನ ಫೋನ್ ಒಂದೇ. ಅದರ ಪಟ್ಟಿ ಅಲ್ಲೇ ನಿಂತಿತ್ತು. ಕೇಬಲ್ ಕೀಳಬೇಕೋ ಬೇಡವೋ ಇಬ್ಬರಿಗೂ ಗೊತ್ತಿರಲಿಲ್ಲ. ಮುಕ್ಕಾಲು ಗಂಟೆ ಹಾಗೇ ಹಿಡಿದುಕೊಂಡು ಕೂತೆ, ಜ್ವರ ಬಂದ ಮಗುವನ್ನು ತೊಡೆಯ ಮೇಲಿಟ್ಟುಕೊಂಡ ಹಾಗೆ. ಕರೆಂಟ್ ಬಂದ ಮೇಲೆ ಲ್ಯಾಪ್‌ಟಾಪಿನಿಂದ ಮತ್ತೆ ಅಪ್‌ಡೇಟ್ ಹಾಕಿದರೂ ಫೋನ್ ಲೋಗೋ ತೋರಿಸುವುದು, ಆರುವುದು, ಮತ್ತೆ ಲೋಗೋ ತೋರಿಸುವುದು.

ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ ಹತ್ತಿ ಚಾಮರಾಜನಗರಕ್ಕೆ ಹೋದೆ. ಅಲ್ಲಿನ ಅಂಗಡಿಯ ಹುಡುಗ ಕಂಪ್ಯೂಟರಿಗೆ ಹಾಕಿ ಎರಡು ಸಲ ಪ್ರಯತ್ನಿಸಿ, “ಎಲ್ಲಾ ಅಳಿಸಿದ್ರೆ ಮಾತ್ರ ಏಳ್ತದ ಸಾರ್” ಅಂದ. ಈಗಿನ ಫೋನುಗಳು ಒಳಗಿನದನ್ನು ಗೂಢಲಿಪಿಯಲ್ಲಿ ಇಟ್ಟುಕೊಳ್ಳುವುದರಿಂದ, ಏಳದ ಫೋನಿನಿಂದ ಫೋಟೊ ಹೊರತೆಗೆಯುವ ದಾರಿ ಅವನಿಗಿರಲಿಲ್ಲ. ಅಳಿಸು ಎಂದೆ. ಫೋನ್ ಎದ್ದಿತು, 47 ತಾಕು ಹೋದವು.

ಮತ್ತೆ ನಡೆದೆ. ಅಷ್ಟರಲ್ಲಿ ಕೆಲವರು ಸೂರ್ಯಕಾಂತಿ ಕೊಯ್ದು ಉತ್ತುಬಿಟ್ಟಿದ್ದರು. “ಆವತ್ತೇ ತಗ್ದಲ್ಲಪ್ಪ, ಮತ್ತ ಯಾಕ ಬಂದ?” ಎಂದು ಒಬ್ಬ ಅಜ್ಜಿ ಕೇಳಿದರು. ಬರಿ ಮಣ್ಣಿನ ಫೋಟೊ ಏನು ಸಾಕ್ಷಿ ಹೇಳುತ್ತದೆ? ಬೆಳೆ ವಿಮೆಗೂ ಪರಿಹಾರಕ್ಕೂ ಈ ಸಮೀಕ್ಷೆಯನ್ನೇ ನೋಡುತ್ತಾರೆ. ಅಜ್ಜಿಯ ಪರವಾಗಿ ಆಕ್ಷೇಪಣೆ ಅರ್ಜಿಯನ್ನು ನಾನೇ ಬರೆದುಕೊಟ್ಟೆ.

ಆಮೇಲೆ ತಿಳಿದುಕೊಂಡದ್ದು ಇಷ್ಟು. ಫೋನ್ ತಾನೇ ಗಾಳಿಯಲ್ಲಿ ಇಳಿಸಿಕೊಳ್ಳುವ ಅಪ್‌ಡೇಟಿನಲ್ಲಿ ಸಾಮಾನ್ಯವಾಗಿ ಬದಲಾದ ಭಾಗ ಮಾತ್ರ ಇರುತ್ತದೆ. ಎಷ್ಟೋ ಫೋನುಗಳು ಅದನ್ನು ಪೂರ್ತಿ ಇಳಿಸಿಕೊಂಡು, ತಾಳೆ ನೋಡಿದ ಮೇಲೆಯೇ ಹಾಕಿಕೊಳ್ಳುತ್ತವೆ. ಮನೆಯ ಕರೆಂಟ್ ಹೋದರೂ ಫೋನಿನ ಬ್ಯಾಟರಿ ಇದೆ. 2016ರ ಆಂಡ್ರಾಯ್ಡ್ 7ರಿಂದ ಬಂದ ವ್ಯವಸ್ಥೆ ಇರುವ ಫೋನುಗಳಲ್ಲಿ ಹೊಸದನ್ನು ಬೇರೆ ಜಾಗದಲ್ಲಿ ಬರೆಯುತ್ತಾರೆ. ಕೆಟ್ಟರೆ ಹಳೆಯದಕ್ಕೇ ಮರಳುತ್ತದೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇಡೀ ಫರ್ಮ್‌ವೇರ್, ಅಂದರೆ ಫೋನಿನ ಮೂಲ ತಂತ್ರಾಂಶವನ್ನೇ ಬರೆಯುತ್ತಾರೆ, ನಡುವೆ ನಿಂತರೆ ಅರ್ಧಂಬರ್ಧ ಉಳಿಯುತ್ತದೆ. ಹಾಗೆಂದು ಕಂಪ್ಯೂಟರನ್ನು ಬೈಯಲಾರೆ. ಸತ್ತ ಫೋನನ್ನು ಎಬ್ಬಿಸಿದ್ದೂ ಅದೇ.

ಆದ್ದರಿಂದ ಫೋನ್ ಬದುಕಿರುವಾಗ ಗಾಳಿಯಲ್ಲೇ ಹಾಕಿಕೊಳ್ಳಿ, ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇಟ್ಟುಕೊಳ್ಳಿ. ಕೇಬಲ್ ಹಾಕಲೇಬೇಕಾದರೆ ಯುಪಿಎಸ್ ಇದೆಯೇ, ಲ್ಯಾಪ್‌ಟಾಪಿನ ಬ್ಯಾಟರಿ ನಿಲ್ಲುತ್ತದೆಯೇ ಎಂದು ಕೇಳಿ. ಫೋನಿನ ಮಾಡೆಲ್ ನಂಬರಿಗೆ ಸರಿಹೊಂದುವ ಫೈಲೇ ಎಂದು ನೋಡಿ. ಎಲ್ಲಕ್ಕಿಂತ ಮೊದಲು ಒಳಗಿರುವುದನ್ನು ಕಳಿಸಿಬಿಡಿ. ನಾನೀಗ ಹಂಗಳದ ಬಸ್ ನಿಲ್ದಾಣದಲ್ಲಿ ನಿಂತು ಆ ದಿನದ ಕೊನೆಯ ತಾಕು ಅಪ್‌ಲೋಡ್ ಆಗುವವರೆಗೂ ಮನೆಗೆ ಹೋಗುವುದಿಲ್ಲ, ಬಸ್ ತಪ್ಪಿದರೂ ಸರಿ.