ಕಾಯಿಪಲ್ಯದ ಮಡಿಗೆ ತೆಂಗಿನ ಹೊದಿಕೆ

ಶೆಟ್ಟಿಕೆರೆ ಸೀಮೆಯ ಹಿತ್ತಲುಗಳಲ್ಲಿ ಬದನೆ, ಬೆಂಡೆ, ಮೆಣಸಿನ ಗಿಡಗಳನ್ನು ಸಾಕುವವರು ಬಹುಮಟ್ಟಿಗೆ ಸ್ತ್ರೀಯರು. ಕಳೆ ಕೀಳುವವರೂ ಅವರೇ. ಬೆನ್ನು ಬಗ್ಗಿಸಿ ಕಳೆಯುವ ಆ ಹೊತ್ತು ಅನೇಕ ವೇಳೆ ಹೆಣ್ಣುಮಕ್ಕಳ ಓದಿನ ಹೊತ್ತಿನಿಂದಲೇ ಕಡಿತವಾಗುತ್ತದೆ. ಆದುದರಿಂದ ಪೂರ್ವವಿದ್ಯಾರ್ಥಿನಿಯರೂ ತಂದೆತಾಯಿಗಳೂ ಈ ಪಾಠವನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ.

ಕಳೆ ಮತ್ತೆ ಮತ್ತೆ ಹುಟ್ಟುವುದೇಕೆ? ಮಣ್ಣಿನಲ್ಲಿ ಕಳೆಯ ಸಣ್ಣ ಬೀಜಗಳು ಅಸಂಖ್ಯವಾಗಿ ಅಡಗಿರುತ್ತವೆ. ಅವುಗಳಲ್ಲಿ ಹಲವಕ್ಕೆ ಮೊಳೆಯಲು ಬೆಳಕು ಬೇಕು. ಮೊಳೆತವು ಬದುಕುವುದಕ್ಕೂ ಬೆಳಕು ಬೇಕು. ನಾವು ಅಗೆದಾಗಲೆಲ್ಲ ಹೊಸ ಬೀಜಗಳು ಮೇಲಕ್ಕೆ ಬರುತ್ತವೆ. ನೆಲವನ್ನು ಮುಚ್ಚಿದರೆ ಬೆಳಕು ತಪ್ಪಿ ಕಳೆ ಅಡಗುವುದು; ಮಣ್ಣಿನ ತೇವವೂ ಬಿಸಿಲಿಗೆ ಬೇಗನೆ ಆರದು. ಅಮೆರಿಕೆಯ ರುತ್ ಸ್ಟೌಟ್ ಎಂಬ ಮಹಿಳೆಯು ವರ್ಷವಿಡೀ ಒಣಹುಲ್ಲು ಹಾಸಿ, ಅಗೆಯದೆ ತರಕಾರಿ ಬೆಳೆದು, ಬೆನ್ನುನೋವಿಲ್ಲದ ಈ ಕ್ರಮವನ್ನು 1955ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು.

ನಾವು ಯಾವುದನ್ನು ಹಾಸಬೇಕು? ರಾಗಿಹುಲ್ಲು ದನಗಳ ಮೇವು; ಅದನ್ನು ನೆಲಕ್ಕೆ ಹಾಕುವುದು ತರವಲ್ಲ. ಆದರೆ ಕೊಬ್ಬರಿಯ ಈ ನಾಡಿನಲ್ಲಿ ತೆಂಗಿನ ಗರಿಗೂ ಕಾಯಿ ಸುಲಿದ ಮಟ್ಟೆಗೂ ನಾರಿನ ಪುಡಿಗೂ ಕೊರತೆಯಿಲ್ಲ.

ಮೊದಲು ಜೇಕು, ಗರಿಕೆಗಳನ್ನು ಗೆಡ್ಡೆಬೇರು ಸಹಿತ ತೆಗೆಯತಕ್ಕದ್ದು. ಇವು ಹೊದಿಕೆಯನ್ನೂ ತೂರಿ ಬರುತ್ತವೆ. ಸಸಿಗಳು ಗೇಣುದ್ದವಾದ ಮೇಲೆ, ಮಳೆ ಬಿದ್ದು ಅಥವಾ ನೀರು ಹಾಯಿಸಿ ನೆಲ ನೆನೆದಿರುವಾಗ ಹಾಸಬೇಕು. ಸಾಲುಗಳ ನಡುವೆ ಮಟ್ಟೆಗಳನ್ನು, ತೆಂಗಿನ ಪಾತಿಗೆ ಹಾಸುವಂತೆಯೇ, ಉಬ್ಬಿದ ಮೈ ಮೇಲಾಗಿ ಜೋಡಿಸಬೇಕು. ಗಿಡಗಳ ಸುತ್ತ ಕತ್ತರಿಸಿದ ಗರಿಯನ್ನೂ ಹೊಂಗೆಸೊಪ್ಪನ್ನೂ ಮೂರು ಅಂಗುಲ ದಪ್ಪ ಹರಡಿ, ಕಾಂಡದ ಬಳಿ ಎರಡು ಅಂಗುಲ ಬರಿದಾಗಿ ಬಿಡಬೇಕು. ಇಲ್ಲವಾದರೆ ಕಾಂಡ ಕೊಳೆಯುವ ಭಯವುಂಟು. ಹೊದಿಕೆ ಕುಸಿದಂತೆಲ್ಲ ಮೇಲೆ ಮತ್ತಷ್ಟು ಹಾಕುತ್ತಿರಬೇಕು.

ಎಚ್ಚರಿಕೆಗಳು ಮೂರು. ಹಸಿ ನಾರಿನ ಪುಡಿಯನ್ನು ಮಣ್ಣಿಗೆ ಬೆರೆಸಬಾರದು. ಅದು ಕಳಿಯುವಾಗ ಗಿಡಕ್ಕೆ ಸೇರಬೇಕಾದ ಸಾರಜನಕವನ್ನು ತಾನೇ ಹಿಡಿದಿಡುವುದು. ಕಳಿಸಿದ ಬಳಿಕವೇ ಬೆರೆಸಬೇಕು. ಒಣಗರಿಗೆ ಗೆದ್ದಲು ಬರುವುದುಂಟು. ಆಗಾಗ್ಗೆ ಎತ್ತಿ ನೋಡುತ್ತಿರಬೇಕು. ಹೂವಾದ ಪಾರ್ಥೇನಿಯಂ ಗಿಡವನ್ನು ಎಂದಿಗೂ ಹಾಸಬಾರದು. ಅದು ಕಳೆಯನ್ನು ಬಿತ್ತಿದಂತೆಯೇ ಸರಿ.

ಹೊದಿಕೆಯಿಂದ ಕಳೆಯು ಪೂರ್ಣವಾಗಿ ಇಲ್ಲವಾಗದು. ಅಲ್ಲೊಂದು ಇಲ್ಲೊಂದು ಎದ್ದುದನ್ನು ನಿಂತಲ್ಲೇ ಕಿತ್ತರಾಯಿತು. ತಾಯಂದಿರೇ, ತಂದೆಗಳೇ, ಈ ವರ್ಷ ಒಂದೇ ಮಡಿಯಲ್ಲಿ ಪರೀಕ್ಷಿಸಿ ನೋಡಿರಿ. ಉಳಿದ ಹೊತ್ತಿಗೆ ಮತ್ತೊಂದು ಮನೆಗೆಲಸವನ್ನು ಹಚ್ಚದೆ, ಅದನ್ನು ಮಗಳ ಪುಸ್ತಕಕ್ಕೆ ಬಿಟ್ಟುಕೊಡಿರಿ.