ಇಂದಿನ ಧಮ್ಮ ಚಿಂತನೆ: ಸದ್ದು ಎಲ್ಲಿಯದು?



ಪಿಯಾನೊದ ಒಂದು ಕೀ ಒತ್ತಿದರೆ ಸ್ವರದ ಜೊತೆ ‘ಝುಂಯ್’ ಎನ್ನುತ್ತದೆ. ತಂತಿ ಕೆಟ್ಟಿದೆ ಎಂದುಬಿಡುತ್ತೇವೆ.

ತಿಳಿದವರು ಹಾಗೆ ಮಾಡುವುದಿಲ್ಲ. ಒಬ್ಬರು ಅದೇ ಸ್ವರ ನುಡಿಸುತ್ತಿದ್ದರೆ, ಇನ್ನೊಬ್ಬರು ಮುಚ್ಚಳ, ಕೀಲು, ಮೇಲಿಟ್ಟ ಫೋಟೊ, ಕಿಟಕಿ ಗಾಜು ಒಂದೊಂದನ್ನೇ ಒತ್ತಿ ಹಿಡಿಯುತ್ತಾರೆ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುವುದೋ ಕಾರಣ ಅಲ್ಲೇ. ಒಳಗೆ ಬಿದ್ದ ನಾಣ್ಯವೂ ಇರಬಹುದು.

ಕೊನೆಗೆ ತಂತಿ. ದಪ್ಪ ತಂತಿಗೆ ಸುತ್ತಿದ ತಾಮ್ರ ಸಡಿಲವಾಗಿದ್ದರೆ, ಕೆಲಸ ಬಲ್ಲವರು ತಂತಿಯನ್ನು ಇಳಿಸಿ, ಸುತ್ತಿನ ದಿಕ್ಕಿಗೇ ಒಮ್ಮೆ ತಿರುಚಿ ಮತ್ತೆ ಬಿಗಿಯುತ್ತಾರೆ.

ಬಂಧುಗಳೇ, ದುಃಖಕ್ಕೆ ಕಾರಣವಿದೆ. ಕಾರಣ ಸಿಕ್ಕರೆ ಪರಿಹಾರವೂ ಇದೆ. ಮನೆಯಲ್ಲಿ, ಸಂಘದಲ್ಲಿ ಯಾರಾದರೂ ದನಿ ಎತ್ತಿದರೆ ಅವರನ್ನೇ ದೂರುತ್ತೇವೆ. ಸಡಿಲವಾದದ್ದು ಬೇರೆಡೆ ಇದೆಯೇ? ಇಂದು ಹುಡುಕೋಣ.

ಭವತು ಸಬ್ಬ ಮಂಗಲಂ.